ಮತ್ತೆ ಮತ್ತೆ ಮಾಡುವವರನ್ನು ತಡೆಯುವ ಮುನ್ನ

ಬಾಗಲಕೋಟೆಯಲ್ಲಿ ಮನೋವೈದ್ಯರ ಕೊಠಡಿಯ ಹೊರಗಿನ ಬೆಂಚಿನ ಮೇಲೆ ಅರ್ಧ ದಿನ ಕುಳಿತವರಿಗೆ ಒಂದು ಮಾತು ಹಲವರ ಬಾಯಲ್ಲಿ ಕೇಳಿಸುತ್ತದೆ: ‘ಮಾಡಿದ್ದನ್ನೇ ಮಾಡುತ್ತಾರೆ, ಎಷ್ಟು ಹೇಳಿದರೂ ಬಿಡುವುದಿಲ್ಲ.’ ಪದವಿ ಮುಗಿಸಿದ ಮಗಳನ್ನು ನವನಗರದಿಂದ ಕರೆತಂದ ತಾಯಿ ಇದನ್ನೇ ಹೇಳುತ್ತಾರೆ. ಆರು ವರ್ಷದ ಮಗನನ್ನು ಹೆಗಲಿಗೆ ಹಾಕಿಕೊಂಡು ಬನಹಟ್ಟಿಯಿಂದ ಬೆಳಗಿನ ಬಸ್ಸಿಗೆ ಬಂದ ನೇಕಾರರೂ ಇದನ್ನೇ ಹೇಳುತ್ತಾರೆ. ಮಗಳದು ಕೈ ತೊಳೆಯುವ ಕಥೆ. ಮಗನದು ಡಬ್ಬಿಯ ಮುಚ್ಚಳ ತಿರುಗಿಸುವ, ಕುಳಿತಲ್ಲೇ ಹಿಂದಕ್ಕೂ ಮುಂದಕ್ಕೂ ತೂಗಾಡುವ ಕಥೆ. ಒಳಗೆ ಸಿಗುವುದು ಐದೋ ಹತ್ತೋ ನಿಮಿಷ. ಹೊರಬರುವಾಗ ಇಬ್ಬರ ಚೀಟಿಯಲ್ಲೂ ಒಂದೇ ಬಗೆಯ ಗುಳಿಗೆಯ ಹೆಸರಿದ್ದರೆ ಅಚ್ಚರಿಪಡಬೇಕಾಗಿಲ್ಲ.

ಎರಡೂ ಮನೆಯವರ ಪ್ರಶ್ನೆ ಒಂದೇ: ಇದನ್ನು ಬಿಡಿಸುವುದು ಹೇಗೆ? ನನ್ನ ತಕರಾರು ಈ ಪ್ರಶ್ನೆಯ ಮೇಲೆಯೇ. ಅದಕ್ಕಿಂತ ಮೊದಲು ಕೇಳಬೇಕಾದದ್ದು ಬೇರೆ: ಆ ಕೆಲಸವನ್ನು ಮಾಡದಿದ್ದರೆ ಅವರಿಗೆ ಏನಾಗುತ್ತದೆ? ಈ ಪ್ರಶ್ನೆಗೆ ಎರಡು ಮನೆಗಳಲ್ಲಿ ಸಿಗುವ ಉತ್ತರ ಒಂದಲ್ಲ. ಉತ್ತರ ಬೇರೆಯಾದ್ದರಿಂದ ಮದ್ದೂ ಬೇರೆ. ಬೇರೆ ಮಾತ್ರವಲ್ಲ, ಒಂದಕ್ಕೊಂದು ತದ್ವಿರುದ್ಧ. ಒಂದು ಮನೆಯಲ್ಲಿ ಎಲ್ಲರೂ ಆ ಪುನರಾವರ್ತನೆಗೆ ಸಹಕರಿಸುವುದನ್ನು ನಿಲ್ಲಿಸಬೇಕು, ಇನ್ನೊಂದರಲ್ಲಿ ಅದಕ್ಕೆ ಜಾಗ ಮಾಡಿಕೊಡಬೇಕು. ನಮ್ಮ ಕಡೆ ಸಾಮಾನ್ಯವಾಗಿ ನಡೆಯುವುದು ಇದರ ತಿರುವುಮುರುವು. ತೊಳೆಯುವವಳಿಗೆ ಮನೆಮಂದಿಯೆಲ್ಲ ನೀರು ಹೊತ್ತು ಕೊಡುತ್ತಾರೆ, ತೂಗಾಡುವವನ ಕೈಕಾಲು ಹಿಡಿದು ಕೂರಿಸುತ್ತಾರೆ.

ಮಗಳ ಬಚ್ಚಲಿನ ಹೊತ್ತನ್ನು ಹತ್ತಿರದಿಂದ ನೋಡೋಣ. ಹೊರಗಿನಿಂದ ಬಂದವಳು ನಳವನ್ನು ಮೊಣಕೈಯಿಂದ ತಿರುವುತ್ತಾಳೆ, ಬೆರಳು ತಾಗಿದರೆ ನಳವೂ ಹೊಲಸಾದಂತೆ. ಸೋಪು ಹಚ್ಚಿ ಬೆರಳ ಸಂದು, ಉಗುರು, ಮಣಿಕಟ್ಟು ಎಂದು ಒಂದೇ ಕ್ರಮದಲ್ಲಿ ತೊಳೆಯುತ್ತ ಏಳರವರೆಗೆ ಎಣಿಸುತ್ತಾಳೆ. ನಾಲ್ಕನೆಯ ಸುತ್ತಿನಲ್ಲಿ ತಮ್ಮ ಬಾಗಿಲು ಬಡಿದನೋ, ಎಣಿಕೆ ತಪ್ಪಿತು, ಮತ್ತೆ ಒಂದರಿಂದ. ಕೈ ಮುಗಿದ ಮೇಲೆ ಸೋಪನ್ನೇ ತೊಳೆಯಬೇಕು. ಟವೆಲ್ ಮುಟ್ಟುವಂತಿಲ್ಲ, ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಗಾಳಿಗೆ ಆರಿಸಿಕೊಳ್ಳುತ್ತಾಳೆ. ನಳಕ್ಕೆ ದಿನಾಲೂ ನೀರು ಬರದ ಬಡಾವಣೆಯಲ್ಲಿ ತುಂಬಿಟ್ಟ ಬ್ಯಾರಲ್ ಎರಡೇ ದಿನಕ್ಕೆ ತಳ ಕಂಡರೆ ಮನೆಯಲ್ಲಿ ಏನು ನಡೆಯುತ್ತದೆಂದು ಈ ಭಾಗದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಇಷ್ಟೆಲ್ಲ ಆದ ಮೇಲೆ ತಾಯಿಯ ಮುಂದೆ ಬಂದು ನಿಲ್ಲುತ್ತಾಳೆ.

‘ಅವ್ವಾ, ಬರುವಾಗ ನಾನು ಯಾರ ಚಪ್ಪಲಿಯನ್ನೂ ತುಳಿಯಲಿಲ್ಲ, ಹೌದಲ್ಲ?’

‘ಇಲ್ಲ ನನ್ನವ್ವಾ, ತುಳಿದಿಲ್ಲ.’

‘ನೀನು ಸರಿಯಾಗಿ ನೋಡಿದೆಯಾ?’

ಹೌದೆಂದರೆ ಹತ್ತು ನಿಮಿಷ ನೆಮ್ಮದಿ. ಹನ್ನೊಂದನೆಯ ನಿಮಿಷಕ್ಕೆ ಅದೇ ಪ್ರಶ್ನೆ.

ಇದು ಗೀಳು ಕಾಯಿಲೆ, ವೈದ್ಯರು ಒಸಿಡಿ ಎನ್ನುವುದು ಇದನ್ನೇ. ಇದರಲ್ಲಿ ಎರಡು ತುಂಡುಗಳಿವೆ. ಬೇಡವೆಂದರೂ ತಲೆಗೆ ನುಗ್ಗುವ ಯೋಚನೆ ಒಂದು, ಆ ಯೋಚನೆ ಎಬ್ಬಿಸಿದ ಆತಂಕವನ್ನು ಇಳಿಸಲು ಮಾಡಲೇಬೇಕೆನ್ನಿಸುವ ಕೆಲಸ ಇನ್ನೊಂದು. ಹುಡುಗಿ ದಡ್ಡಿಯಲ್ಲ. ಏಳು ಸಲ ತೊಳೆಯುವುದರಲ್ಲಿ ಅರ್ಥವಿಲ್ಲವೆಂದು ಮನೆಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಅವಳಿಗೇ ಗೊತ್ತು. ಅದಕ್ಕೇ ನಾಚಿಕೆ, ಅದಕ್ಕೇ ಮುಚ್ಚಿಡುವುದು. ತೊಳೆಯದಿದ್ದರೆ ಏನಾಗುತ್ತದೆ ಎಂದು ಕೇಳಿದರೆ ‘ಏನೂ ಆಗುವುದಿಲ್ಲವೆಂದು ಗೊತ್ತು, ಆದರೂ ಎದೆ ಒಡೆದುಹೋಗುವಂತಾಗುತ್ತದೆ’ ಎಂಬಂಥ ಮಾತು ಬರುತ್ತದೆ. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತನ್ನು ಇದು ನುಂಗುತ್ತಿದ್ದರೆ, ಇಲ್ಲವೇ ಓದು, ಕೆಲಸ, ಸಂಸಾರವನ್ನು ಕೆಡಿಸುತ್ತಿದ್ದರೆ ಕಾಯಿಲೆ ಎಂದು ಗುರುತಿಸುವುದು ವೈದ್ಯಕೀಯ ರೂಢಿ. ತೊಳೆಯುವುದಷ್ಟೇ ಗೀಳಲ್ಲ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ತಿರುಗಿ ಬರುವುದು, ಕೀಲಿಯನ್ನು ಹದಿನೈದು ಸಲ ಜಗ್ಗಿ ನೋಡುವುದು, ಹೊರಗೆ ಏನೂ ಕಾಣದಂತೆ ಮನಸ್ಸಿನಲ್ಲೇ ಒಂದು ಮಂತ್ರವನ್ನು ಎಣಿಸಿ ಎಣಿಸಿ ಹೇಳುವುದು, ಎಲ್ಲವೂ ಇದರ ರೂಪಗಳೇ.

ಬನಹಟ್ಟಿಯ ಹುಡುಗನದು ಬೇರೆ ಲೋಕ. ಮನೆಯ ಮುಂದಿನ ಪಡಸಾಲೆಯಲ್ಲಿ ವಿದ್ಯುತ್ ಮಗ್ಗಗಳು ಓಡುತ್ತವೆ. ಹೊಸಬರಿಗೆ ಕಿವಿಗಡಚಿಕ್ಕುವ ಆ ಸದ್ದಿಗೆ ಸರಿಯಾಗಿ ಅವನು ತೂಗಾಡುತ್ತಾನೆ, ಲಾಳಿ ಆ ಬದಿಯಿಂದ ಈ ಬದಿಗೆ ಹೋದಷ್ಟೇ ಕರಾರುವಾಕ್ಕಾಗಿ. ಸ್ಟೀಲ್ ಡಬ್ಬಿಯ ಮುಚ್ಚಳವನ್ನು ನೆಲಕ್ಕೆ ಅಂಚೂರಿ ತಿರುಗಿಸಿ, ಅದು ವಾಲಿ ವಾಲಿ ಮಲಗುವ ತನಕ ಕೆನ್ನೆಯನ್ನು ನೆಲಕ್ಕೆ ಹಚ್ಚಿ ನೋಡುತ್ತಾನೆ. ಮುಖದಲ್ಲಿ ಆತಂಕವಿಲ್ಲ, ಬಹಳ ಸಲ ಸಂತೋಷವೇ ಇರುತ್ತದೆ. ಅವನಿಗೆ ಸಂಕಟ ಶುರುವಾಗುವುದು ಕರೆಂಟ್ ಹೋದಾಗ. ಮಗ್ಗಗಳು ಒಮ್ಮೆಲೇ ನಿಂತು ಮನೆ ಮೌನವಾದರೆ ಚೀರಿಡುತ್ತಾನೆ, ಕೈಗಳನ್ನು ಜೋರಾಗಿ ಕೊಡವುತ್ತಾನೆ. ಅಜ್ಜಿ ದೃಷ್ಟಿ ತೆಗೆಯುತ್ತಾಳೆ. ನೆರೆಯವರು ಮಗ್ಗದ ಸದ್ದಿಗೇ ಹುಡುಗ ಹೀಗಾದ ಎನ್ನುತ್ತಾರೆ. ನಿಜವಾಗಿ ಆ ಸದ್ದು ಅವನ ದಿನದ ಆಧಾರ, ಅದು ನಿಂತದ್ದೇ ಅವನ ತೊಂದರೆ.

ಈ ಹುಡುಗನದು ಆಟಿಸಂ. ಇಂಥ ಮಕ್ಕಳ ಬಗ್ಗೆ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 1943ರಲ್ಲಿ ಬರೆದ ಪ್ರಬಂಧದಲ್ಲಿ 11 ಮಕ್ಕಳ ವಿವರಗಳಿವೆ. ಎಲ್ಲವೂ ನಿನ್ನೆ ಇದ್ದಂತೆಯೇ ಇರಬೇಕೆಂಬ ಹಟವನ್ನು ಅವರು ಆಗಲೇ ಗುರುತಿಸಿದ್ದರು. 2013ರಲ್ಲಿ ಬಂದ ಅಮೆರಿಕದ ಮನೋವೈದ್ಯರ ಸಂಘದ ಪರಿಷ್ಕೃತ ಮಾನದಂಡದಲ್ಲಿ ಆಟಿಸಂಗೆ ಎರಡು ಕಾಲುಗಳು. ಒಂದು, ಇತರರೊಡನೆ ಬೆರೆಯುವ, ಸಂವಹಿಸುವ ಬಗೆಯಲ್ಲಿನ ವ್ಯತ್ಯಾಸ. ಎರಡನೆಯದು ಪುನರಾವರ್ತನೆ. ಅದರಡಿ ನಾಲ್ಕು ಬಗೆಗಳು: ಒಂದೇ ಚಲನೆ ಅಥವಾ ಮಾತು ಮರುಕಳಿಸುವುದು, ದಿನಚರಿ ಬದಲಾದರೆ ತಡೆಯಲಾಗದಿರುವುದು, ಒಂದೇ ವಿಷಯದಲ್ಲಿ ಮುಳುಗುವುದು, ಸದ್ದು-ಬೆಳಕು-ಸ್ಪರ್ಶಗಳಿಗೆ ತೀರಾ ಹೆಚ್ಚು ಅಥವಾ ತೀರಾ ಕಡಿಮೆ ಸ್ಪಂದಿಸುವುದು. ಇವುಗಳಲ್ಲಿ ಕನಿಷ್ಠ ಎರಡು ಕಾಣಬೇಕು. ನಾಲ್ಕನೆಯದನ್ನು ಇದೇ ಪಟ್ಟಿಗೆ ಸೇರಿಸಿದ್ದು ನನಗೆ ಬಹು ಮುಖ್ಯವಾಗಿ ತೋರುತ್ತದೆ. ತೂಗಾಟವನ್ನು ಕಿವಿಯಿಂದ, ಕೈ ಕೊಡವುವುದನ್ನು ಬೆಳಕಿನಿಂದ ಬೇರ್ಪಡಿಸಿ ನೋಡಲಾಗದು ಎಂಬ ಒಪ್ಪಿಗೆ ಅದರಲ್ಲಿದೆ. ಅದೇ ವರ್ಷದ ಅದೇ ಪರಿಷ್ಕರಣೆ ಗೀಳು ಕಾಯಿಲೆಯನ್ನು ಆತಂಕದ ಕಾಯಿಲೆಗಳ ಗುಂಪಿನಿಂದ ಹೊರತೆಗೆದು, ಕೂದಲು ಕೀಳುವ, ಚರ್ಮ ಚಿವುಟುವ, ಹಳೆಯದನ್ನೆಲ್ಲ ಕೂಡಿಡುವ ಕಾಯಿಲೆಗಳ ಜೊತೆ ಬೇರೆ ಅಧ್ಯಾಯದಲ್ಲಿ ಕೂರಿಸಿತು.

ಹಾಗಾದರೆ ಹುಡುಗ ತೂಗಾಡದಿದ್ದರೆ ಏನಾಗುತ್ತದೆ? ಆರು ವರ್ಷದ ಮಗು ಹೇಳಲಾರದು. ಆದರೆ ಆಟಿಸಂ ಇರುವ ವಯಸ್ಕರು ಈಗೀಗ ತಾವೇ ಹೇಳುತ್ತಿದ್ದಾರೆ. ಬ್ರಿಟನ್ನಿನಲ್ಲಿ ಇಂಥವರನ್ನು ಮಾತನಾಡಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಅವರು ಕೊಟ್ಟ ಕಾರಣ ನೇರವಾಗಿತ್ತು. ಹೊರಗಿನ ಗದ್ದಲವೋ ಒಳಗಿನ ಭಾವವೋ ತಡೆಯಲಾರದಷ್ಟಾದಾಗ ಈ ಚಲನೆಗಳು ತಮ್ಮನ್ನು ಹದಕ್ಕೆ ತರುತ್ತವೆ ಎಂದರು. ಚಿಕ್ಕಂದಿನಲ್ಲಿ ಇದನ್ನು ಬಲವಂತವಾಗಿ ಬಿಡಿಸಿದ ಚಿಕಿತ್ಸೆಗಳ ಮೇಲೆ ಅವರಿಗೆ ಸಿಟ್ಟಿತ್ತು. ಕೈ ಕಟ್ಟಿದರೆ ಕೈ ನಿಲ್ಲುತ್ತದೆ, ಆ ಕೈ ಇಳಿಸುತ್ತಿದ್ದ ಒತ್ತಡ ನಿಲ್ಲುವುದಿಲ್ಲ.

ಪುನರಾವರ್ತನೆ ಎಂದಾಕ್ಷಣ ರೋಗ ಎನ್ನುವುದೂ ತಪ್ಪು. ಎಳೆಗೂಸುಗಳೆಲ್ಲ ಕಾಲು ಬಡಿಯುತ್ತವೆ, ತೂಗುತ್ತವೆ. ಮೂರು ವರ್ಷದ ಯಾವ ಮಗುವಾದರೂ ಅದೇ ತಟ್ಟೆಯಲ್ಲೇ ರೊಟ್ಟಿ ಬೇಕೆಂದು, ಅದೇ ಕಥೆಯನ್ನು ಅದೇ ಶಬ್ದಗಳಲ್ಲೇ ಹೇಳಬೇಕೆಂದು ರಚ್ಚೆ ಹಿಡಿಯುತ್ತದೆ. ದೊಡ್ಡವರ ದಿನವೂ ಪುನರಾವರ್ತನೆಯ ಮೇಲೆಯೇ ನಿಂತಿದೆ. ನಮ್ಮ ಭಾಗದಲ್ಲಂತೂ ಬೆಳಗಿನ ಇಷ್ಟಲಿಂಗ ಪೂಜೆ, ಐದು ಹೊತ್ತಿನ ನಮಾಜು, ಹೊಸ್ತಿಲಿಗೆ ನೀರು ಹಾಕಿ ರಂಗೋಲಿ ಬಿಡಿಸುವುದು ಎಲ್ಲಕ್ಕೂ ಕ್ರಮವಿದೆ, ಎಣಿಕೆಯಿದೆ. ಭಕ್ತಿ ಎಲ್ಲಿ ಮುಗಿದು ಗೀಳು ಎಲ್ಲಿ ಶುರುವಾಗುತ್ತದೆ ಎಂಬ ಪ್ರಶ್ನೆ ಇಲ್ಲಿನ ಮನೆಗಳಲ್ಲಿ ನಿಜವಾಗಿಯೂ ಏಳುತ್ತದೆ. ಆಚಾರಕ್ಕೆ ಕೊನೆಯಿದೆ ಎಂಬುದು ಒಂದು ಗುರುತು. ಪೂಜೆ ಮುಗಿಸಿದವರು ಎದ್ದು ಕೆಲಸಕ್ಕೆ ಹೋಗುತ್ತಾರೆ. ಗೀಳು ಹಿಡಿದವರು ನಡುವೆ ಒಂದು ಕೆಟ್ಟ ಯೋಚನೆ ಸುಳಿಯಿತೆಂದು ಮೊದಲಿನಿಂದ ಶುರುಮಾಡುತ್ತಾರೆ, ಮತ್ತೆ ಸುಳಿಯಿತೆಂದು ಮತ್ತೆ. ನಮಾಜಿಗೆ ಮುಂಚೆ ವುಜೂ ಮಾಡುವಾಗ ಅಂಗಗಳನ್ನು ತೊಳೆಯುವುದಕ್ಕೆ ಮೂರು ಸಲದ ಮಿತಿಯಿದೆ. ಮೂವತ್ತು ಸಲ ತೊಳೆದೂ ನೀರು ತಾಗಿತೋ ಇಲ್ಲವೋ ಎಂದು ಅನುಮಾನಿಸುವವರನ್ನು ಮೌಲ್ವಿಗಳೇ ವಸ್ವಸಾ, ಅಂದರೆ ಬಿಡದೆ ಕಾಡುವ ಸಂಶಯ, ಎಂದು ಗುರುತಿಸುತ್ತಾರೆ. ಇದು ಹೊಸ ತಿಳಿವಳಿಕೆಯೇನಲ್ಲ. ಸುಮಾರು 1,100 ವರ್ಷಗಳ ಹಿಂದೆ ಅಬೂ ಝೈದ್ ಅಲ್-ಬಲ್ಖಿ ಎಂಬ ವಿದ್ವಾಂಸರು ಬಿಡದೆ ಕಾಡುವ ಯೋಚನೆಗಳನ್ನು ದುಃಖ, ಭಯಗಳಿಂದ ಬೇರೆ ಮಾಡಿ ವಿವರಿಸಿದ್ದರು. ವಿಜಯಪುರದಂಥ ಊರಿನಲ್ಲಿ ಸ್ವಾಮಿಗಳಿಗೂ ಮೌಲ್ವಿಗಳಿಗೂ ಈ ಕಾಯಿಲೆಯ ಪರಿಚಯ ಮಾಡಿಸಿದರೆ ಎಷ್ಟೋ ರೋಗಿಗಳು ಬೇಗ ದಾರಿಗೆ ಬಂದಾರು. ‘ಇಷ್ಟು ಸಾಕು’ ಎಂಬ ಅವರ ಒಂದು ಮಾತಿಗೆ ಇರುವ ತೂಕ ವೈದ್ಯರ ಹತ್ತು ಮಾತಿಗೆ ಇರುವುದಿಲ್ಲ. ಹಾಗೆಂದು ಅದನ್ನೇ ಪ್ರತಿದಿನ ಕೇಳಿಸಿಕೊಳ್ಳಲು ಹೋಗುವುದು ಶುರುವಾದರೆ ಅದೂ ಗೀಳಿನ ಭಾಗವಾಗುತ್ತದೆ. ಈ ಕಾಯಿಲೆ ಅಷ್ಟು ಉಪಾಯಗಾರ.

ಈಗ ಮಿದುಳಿನ ಒಳಗೆ. ಹಣೆಯ ಹಿಂದಿನ ಮಿದುಳಿನ ಪದರದಿಂದ ಆಳದಲ್ಲಿರುವ ಸ್ಟ್ರಯಾಟಮ್ ಎಂಬ ಭಾಗಕ್ಕೆ, ಅಲ್ಲಿಂದ ಥಲಾಮಸ್‌ಗೆ, ಅಲ್ಲಿಂದ ಮತ್ತೆ ಮೇಲಿನ ಪದರಕ್ಕೆ ಸಂದೇಶಗಳು ಸುತ್ತುತ್ತಿರುತ್ತವೆ. ಯಾವ ಕೆಲಸ ಶುರುವಾಗಬೇಕು, ಯಾವುದು ‘ಆಯಿತು’ ಎಂದು ನಿಲ್ಲಬೇಕು ಎಂಬ ನಿರ್ಧಾರದಲ್ಲಿ ಈ ಸುತ್ತಿಗೆ ದೊಡ್ಡ ಪಾಲಿದೆ. ಆಲಮಟ್ಟಿಯ 26 ಗೇಟುಗಳನ್ನು ನೋಡಿದವರಿಗೆ ಇದನ್ನು ಹೀಗೆ ಹೇಳಬಹುದು: ಸ್ಟ್ರಯಾಟಮ್‌ನಿಂದ ಹೊರಡುವ ಎರಡು ದಾರಿಗಳಲ್ಲಿ ಒಂದು ಗೇಟು ಎತ್ತುವ ಸಿಬ್ಬಂದಿ, ಇನ್ನೊಂದು ಇಳಿಸುವ ಸಿಬ್ಬಂದಿ. ಇಳಿಸುವವರು ಸೋತರೆ, ಇಲ್ಲವೇ ಎತ್ತುವವರಿಗೆ ಬಿಡುವೇ ಸಿಗದಿದ್ದರೆ, ಹರಿವು ನಿಲ್ಲುವುದಿಲ್ಲ. ಗೀಳು ಕಾಯಿಲೆಯವರಲ್ಲಿ ಹಣೆಯ ತಳಭಾಗದ ಪದರವೂ ಸ್ಟ್ರಯಾಟಮ್‌ನ ಕಾಡೇಟ್ ಎಂಬ ಭಾಗವೂ ಅತಿಯಾಗಿ ದುಡಿಯುತ್ತಿರುವುದನ್ನು ಅಮೆರಿಕದ ಲಾಸ್ ಏಂಜಲೀಸ್‌ನ ಸಂಶೋಧಕರು 1987ರಲ್ಲಿ ಪೆಟ್ ಸ್ಕ್ಯಾನ್ ಮೂಲಕ ತೋರಿಸಿದರು. 1992ರಲ್ಲಿ ಅದೇ ತಂಡ ಇನ್ನೂ ಸ್ವಾರಸ್ಯಕರವಾದುದನ್ನು ಕಂಡಿತು. ಫ್ಲುಯೊಕ್ಸೆಟಿನ್ ಗುಳಿಗೆಯಿಂದ ಸುಧಾರಿಸಿದವರಲ್ಲೂ, ಗುಳಿಗೆಯನ್ನೇ ಮುಟ್ಟದೆ ವರ್ತನಾ ಚಿಕಿತ್ಸೆಯಿಂದ ಸುಧಾರಿಸಿದವರಲ್ಲೂ ಕಾಡೇಟ್‌ನ ಅತಿ ದುಡಿಮೆ ಇಳಿದಿತ್ತು. ಮಾತಿನ ಚಿಕಿತ್ಸೆ ಎಂದರೆ ಬರೀ ಸಮಾಧಾನ ಹೇಳುವುದು ಎಂದು ಮೂಗು ಮುರಿಯುವವರು ಈ ಸಂಗತಿಯನ್ನು ನೆನಪಿಟ್ಟುಕೊಳ್ಳಬೇಕು.

ಇಲಿಗಳೂ ಸಾಕ್ಷಿ ಹೇಳಿವೆ. 2007ರಲ್ಲಿ ಸ್ಯಾಪ್‌ಆಪ್3 ಎಂಬ ಜೀನ್ ಇಲ್ಲದಂತೆ ಬೆಳೆಸಿದ ಇಲಿಗಳು ಮುಖದ ಚರ್ಮ ಕಿತ್ತುಬರುವ ತನಕ ಮೈ ಉಜ್ಜಿಕೊಂಡವು. ಫ್ಲುಯೊಕ್ಸೆಟಿನ್ ಕೊಟ್ಟಾಗ ಅದು ತಗ್ಗಿತು. 2011ರಲ್ಲಿ ಆಟಿಸಂ ಜೊತೆ ನಂಟಿರುವ ಶ್ಯಾಂಕ್3 ಜೀನನ್ನು ಕೆಡಿಸಿದಾಗಲೂ ಇಲಿಗಳು ಹಾಗೆಯೇ ಉಜ್ಜಿಕೊಂಡವು, ಜೊತೆಗೆ ಬೇರೆ ಇಲಿಗಳ ಸಹವಾಸದಿಂದಲೂ ದೂರ ಉಳಿದವು. ಈ ಎರಡು ಜೀನ್‌ಗಳು ತಯಾರಿಸುವ ಪ್ರೋಟೀನ್‌ಗಳು ನರಕೋಶಗಳ ಒಂದೇ ಸಂಧಿಯಲ್ಲಿ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಅಂದರೆ ಆಟಿಸಂ ಮತ್ತು ಗೀಳು ನೆರೆಮನೆಯವು ಎಂಬುದು ಸುಳ್ಳಲ್ಲ. 2013ರಲ್ಲಿ ಇಲಿಗಳ ಇದೇ ಸುತ್ತನ್ನು ಬೆಳಕಿನಿಂದ ದಿನಕ್ಕೆ ಕೆಲವೇ ನಿಮಿಷ, ಹಲವು ದಿನ ಕೆರಳಿಸಿದ ಪ್ರಯೋಗದಲ್ಲಿ ಮೈ ಉಜ್ಜುವುದು ನಿಧಾನವಾಗಿ ಏರುತ್ತ ಹೋಗಿ, ಕೆರಳಿಸುವುದನ್ನು ನಿಲ್ಲಿಸಿದ ಮೇಲೂ ಉಳಿಯಿತು. ಆದರೆ ಇಲಿಗೆ ‘ಯಾಕೆ ಉಜ್ಜಿಕೊಳ್ಳುತ್ತೀಯ’ ಎಂದು ಕೇಳಲಾಗದು. ಅದು ಹೆದರಿಕೆಯಿಂದ ಉಜ್ಜಿತೋ ಸುಖಕ್ಕಾಗಿ ಉಜ್ಜಿತೋ ಪ್ರಯೋಗಶಾಲೆಯ ಎಣಿಕೆಯಲ್ಲಿ ಕಾಣಿಸುವುದಿಲ್ಲ. ಒಂದೇ ಸುತ್ತು, ಒಂದೇ ವರ್ತನೆ, ಆದ್ದರಿಂದ ಒಂದೇ ಔಷಧ ಎಂಬ ಸರಳ ಲೆಕ್ಕ ಹುಟ್ಟಿದ್ದು ಇಲ್ಲಿಯೇ.

ಆ ಲೆಕ್ಕ ಮನುಷ್ಯರಲ್ಲಿ ತಪ್ಪಾಯಿತು. ಮಿದುಳಿನ ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೆ ಕೆಲಸ ಮಾಡುವ, ಫ್ಲುಯೊಕ್ಸೆಟಿನ್‌ನಂಥ ಗುಳಿಗೆಗಳು ಗೀಳು ಕಾಯಿಲೆಯ ಸುಮಾರು ಅರ್ಧದಷ್ಟು ರೋಗಿಗಳಿಗೆ ನೆರವಾಗುತ್ತವೆ. ಖಿನ್ನತೆಗೆ ಕೊಡುವುದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಾಗುತ್ತದೆ, ಫಲ ಕಾಣಲು 10ರಿಂದ 12 ವಾರ ಹಿಡಿಯುತ್ತದೆ. ಮೂರು ವಾರ ನುಂಗಿ ‘ಏನೂ ಉಪಯೋಗವಿಲ್ಲ’ ಎಂದು ಬಿಟ್ಟುಬಿಡುವವರಿಗೆ ಇದನ್ನು ಮೊದಲ ದಿನವೇ ಹೇಳಿರಬೇಕು. ಆಟಿಸಂ ಇರುವ ಮಕ್ಕಳ ಪುನರಾವರ್ತನೆಗೂ ಇದೇ ಜಾತಿಯ ಸಿಟಾಲೊಪ್ರಾಮ್ ಹಿಡಿಯುತ್ತದೆಯೇ ಎಂದು ಅಮೆರಿಕದಲ್ಲಿ 149 ಮಕ್ಕಳ ಮೇಲೆ ಪರೀಕ್ಷಿಸಿ 2009ರಲ್ಲಿ ಪ್ರಕಟಿಸಿದರು. ಹುಸಿ ಗುಳಿಗೆ ನುಂಗಿದ ಮಕ್ಕಳಿಗಿಂತ ಒಂದಿಷ್ಟೂ ಹೆಚ್ಚಿನ ಲಾಭ ಕಾಣಲಿಲ್ಲ. ಚಡಪಡಿಕೆ, ನಿದ್ದೆಗೇಡಿನಂಥ ಅಡ್ಡಪರಿಣಾಮಗಳು ಮಾತ್ರ ಹೆಚ್ಚಾದವು. ರಿಸ್ಪೆರಿಡೋನ್ ಮತ್ತು ಅರಿಪಿಪ್ರಜೋಲ್‌ಗೆ ಆಟಿಸಂ ಮಕ್ಕಳಲ್ಲಿ ಅಮೆರಿಕದ ಔಷಧ ನಿಯಂತ್ರಕರ ಒಪ್ಪಿಗೆ ಇರುವುದು ತೀವ್ರ ಸಿಟ್ಟು, ಸ್ವಹಾನಿಗಳಂಥ ಕೆರಳಿಕೆಗೆ, ಡಬ್ಬಿ ಮುಚ್ಚಳ ತಿರುಗಿಸುವುದಕ್ಕಲ್ಲ. ಬನಹಟ್ಟಿಯ ಹುಡುಗನ ಚೀಟಿಯಲ್ಲಿ ಗುಳಿಗೆ ಇದ್ದರೆ ಅಪ್ಪ ಕೇಳಬೇಕಾದ ಪ್ರಶ್ನೆ: ಇದು ಯಾವುದಕ್ಕಾಗಿ, ಎಷ್ಟು ದಿನ, ಕೆಲಸ ಮಾಡಿದೆ ಎಂದು ನಮಗೆ ಹೇಗೆ ತಿಳಿಯಬೇಕು?

ಹುಡುಗಿಗೆ ಗುಳಿಗೆಯಷ್ಟೇ ಬಲವಾದ ಇನ್ನೊಂದು ಮದ್ದಿದೆ. ಲಂಡನ್ನಿನ ಮನಶ್ಶಾಸ್ತ್ರಜ್ಞ ವಿಕ್ಟರ್ ಮೇಯರ್ 1966ರಲ್ಲಿ ಇಬ್ಬರು ರೋಗಿಗಳ ವರದಿ ಬರೆದರು. ಹೆದರಿಕೆ ಹುಟ್ಟಿಸುವುದಕ್ಕೆ ಎದುರಾಗಬೇಕು, ಆಮೇಲೆ ಮಾಡಲೇಬೇಕೆನ್ನಿಸುವ ಆ ಕೆಲಸವನ್ನು ಮಾಡದೆ ಕೂರಬೇಕು. ಇಂದಿನ ಇಆರ್‌ಪಿ ಚಿಕಿತ್ಸೆಯ ತಿರುಳು ಇಷ್ಟೇ. ಮೇಯರ್ ಅವರ ಕಾಲದಲ್ಲಿ ಶುಶ್ರೂಷಕಿಯರು ಕಾವಲಿದ್ದು ತಡೆಯುತ್ತಿದ್ದರು, ಒಬ್ಬಾಕೆಯ ಕೋಣೆಯ ನಳವನ್ನೇ ಬಂದ್ ಮಾಡಿಸಿದ್ದರು. ಹಾಗಾದರೆ ನಳ ತಾನೇ ಬಂದ್ ಆಗುವ ನಮ್ಮೂರುಗಳಲ್ಲಿ ಈ ಕಾಯಿಲೆ ತಾನಾಗಿ ವಾಸಿಯಾಗಬೇಕಿತ್ತಲ್ಲ ಎಂದು ಕುಹಕಿಯೊಬ್ಬ ಕೇಳಬಹುದು. ಆಗುವುದಿಲ್ಲ. ನೀರಿಲ್ಲದ ದಿನ ಹುಡುಗಿ ಕಲಿಯುವುದು ‘ತೊಳೆಯದೆಯೂ ಇರಬಲ್ಲೆ’ ಎಂಬುದನ್ನಲ್ಲ, ‘ನೀರು ಬರುವ ತನಕ ಏನನ್ನೂ ಮುಟ್ಟಬಾರದು’ ಎಂಬುದನ್ನು. ತಾನಾಗಿ ಒಪ್ಪಿ, ಅಳತೆ ಮಾಡಿ ಎದುರಿಸಿದಾಗ ಮಾತ್ರ ಪಾಠ ದಕ್ಕುತ್ತದೆ. ಅದಕ್ಕೇ ಈಗ ಯಾರೂ ಬಲವಂತ ಮಾಡುವುದಿಲ್ಲ. ರೋಗಿ ಮತ್ತು ಚಿಕಿತ್ಸಕರು ಕುಳಿತು ಹೆದರಿಕೆಗಳ ಮೆಟ್ಟಿಲು ಬರೆಯುತ್ತಾರೆ. ಕೆಳಗಿನ ಮೆಟ್ಟಿಲಲ್ಲಿ ತನ್ನದೇ ಚಪ್ಪಲಿಯ ಪಟ್ಟಿ ಮುಟ್ಟಿ ಹತ್ತು ನಿಮಿಷ ತೊಳೆಯದಿರುವುದು, ನಡುವೆ ಬಸ್ಸಿನ ಕಂಬಿ ಹಿಡಿದ ಕೈಯಿಂದ ಪುಸ್ತಕ ತೆರೆಯುವುದು, ಮೇಲೆ ಅದೇ ಕೈಯಿಂದ ರೊಟ್ಟಿ ಮುರಿಯುವುದು. ಆತಂಕ ಏರುತ್ತದೆ, ತುದಿ ಮುಟ್ಟುತ್ತದೆ, ತೊಳೆಯದೆಯೇ ಇಳಿಯುತ್ತದೆ. ಇಳಿಯದಿದ್ದರೂ ಅದನ್ನು ತಾಳಬಹುದೆಂದು ತಿಳಿಯುತ್ತದೆ. ಸಾಮಾನ್ಯವಾಗಿ 12ರಿಂದ 20 ಭೇಟಿ ಬೇಕು. ಪೂರ್ತಿ ಮುಗಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಚೆನ್ನಾಗಿ ಸುಧಾರಿಸುತ್ತಾರೆ.

ತಾಯಿಯ ಪಾಲು ಇಲ್ಲಿ ಕಠಿಣ. ‘ಇಲ್ಲ ನನ್ನವ್ವಾ, ತುಳಿದಿಲ್ಲ’ ಎಂಬ ಮಾತು ಪ್ರೀತಿಯದೇ, ಆದರೆ ಪ್ರತಿ ಸಲವೂ ಅದು ಇನ್ನೊಂದು ತೊಳೆತದ ಕೆಲಸ ಮಾಡುತ್ತದೆ. ಆತಂಕ ಇಳಿಯಿತು, ಆದ್ದರಿಂದ ನಾಳೆಯೂ ಕೇಳಬೇಕು. ಅವಳಿಗಾಗಿ ಬೇರೆ ಬಕೆಟ್ ಇಡುವುದು, ಅವಳು ಬರುವ ಮೊದಲೇ ಚಪ್ಪಲಿಗಳನ್ನು ಎತ್ತಿಡುವುದು ಎಲ್ಲವೂ ಹಾಗೆಯೇ. ಇವನ್ನು ಒಂದೇ ದಿನಕ್ಕೆ ಕಿತ್ತೆಸೆಯದೆ, ಹುಡುಗಿಗೆ ಮೊದಲೇ ಹೇಳಿ, ಒಂದೊಂದಾಗಿ ಹಿಂದೆಗೆಯುವಂತೆ ಮನೆಯವರಿಗೂ ಕಲಿಸಬೇಕಾಗುತ್ತದೆ. ‘ಇದು ಕಾಯಿಲೆ ಕೇಳುವ ಪ್ರಶ್ನೆ, ಇದಕ್ಕೆ ಉತ್ತರ ಕೊಡುವುದಿಲ್ಲ, ನಿನ್ನ ಜೊತೆ ಕೂರುತ್ತೇನೆ’ ಎಂದು ಹೇಳಲು ಎದೆಗಾರಿಕೆ ಬೇಕು.

ಇನ್ನೊಂದು ಅಡ್ಡಿಯನ್ನು ಹೇಳಲೇಬೇಕು. ಹೆಣ್ಣುಮಕ್ಕಳ ಗೀಳು ನಮ್ಮಲ್ಲಿ ಬಹಳ ಕಾಲ ‘ಅಚ್ಚುಕಟ್ಟು’ ಎಂಬ ಹೊಗಳಿಕೆಯಡಿ ಅಡಗಿರುತ್ತದೆ. ಪಾತ್ರೆಯನ್ನು ಮೂರು ಸಲ ಬೆಳಗುವ ಸೊಸೆ ಅತ್ತೆಗೆ ಮೆಚ್ಚು. ಆರನೆಯ ಸಲವೂ ಬೆಳಗುತ್ತ ಸಂಜೆಯ ಅಡುಗೆ ತಡವಾದ ದಿನ ಮಾತ್ರ ಅದು ‘ಹುಚ್ಚು’ ಆಗುತ್ತದೆ. ಮೆಚ್ಚುಗೆಗೂ ಹುಚ್ಚಿಗೂ ನಡುವಿನ ಆ ಹಲವು ವರ್ಷಗಳಲ್ಲಿ ಚಿಕಿತ್ಸೆ ಸುಲಭವಾಗಿತ್ತು.

ಎರಡೂ ಒಬ್ಬರಲ್ಲೇ ಇರುವುದೂ ಉಂಟು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಮಾಡಿದ ಲೆಕ್ಕದ ಪ್ರಕಾರ ಆಟಿಸಂ ಇರುವ ಮಕ್ಕಳಲ್ಲಿ ಸುಮಾರು ಶೇ 17ರಷ್ಟು ಮಂದಿಗೆ ಗೀಳು ಕಾಯಿಲೆಯೂ ಇತ್ತು. ಚಿಕ್ಕಂದಿನಿಂದ ಸಂತೋಷದಿಂದ ಸಾಲು ಜೋಡಿಸುತ್ತಿದ್ದ ಹುಡುಗ ಹದಿಹರೆಯದಲ್ಲಿ ಅಳುತ್ತ ಜೋಡಿಸತೊಡಗಿದರೆ, ‘ಮಾಡದಿದ್ದರೆ ಅಪ್ಪನಿಗೆ ಏನಾದರೂ ಆಗುತ್ತದೆ’ ಎಂಬ ಹೆದರಿಕೆ ಸೇರಿಕೊಂಡರೆ, ಅದು ಹೊಸ ಅತಿಥಿ. ಆಗ ಇಆರ್‌ಪಿಯನ್ನು ಅವನಿಗೆ ಹೊಂದುವಂತೆ, ಚಿತ್ರಗಳಲ್ಲಿ, ಸರಳ ಹೆಜ್ಜೆಗಳಲ್ಲಿ ಕೊಡಬಹುದು. ಕಣ್ಣು ಮಿಟುಕಿಸುವ, ಭುಜ ಎಗರಿಸುವ ಟಿಕ್‌ಗಳದು ಮೂರನೆಯ ದಾರಿ. ಅಲ್ಲಿ ಹೆದರಿಕೆಯೂ ಇಲ್ಲ, ಸುಖವೂ ಇಲ್ಲ, ಸೀನು ಬರುವಂಥ ಒತ್ತಡವೊಂದಿದೆ. ಐವತ್ತು ದಾಟಿದವರಲ್ಲಿ ಇದ್ದಕ್ಕಿದ್ದಂತೆ ಪುನರಾವರ್ತನೆ ಶುರುವಾಗಿ ಸ್ವಭಾವವೇ ಬದಲಾದರೆ ಮಿದುಳಿನ ಮುಂಭಾಗ ಸವೆಯುವ ಮರೆವಿನ ಕಾಯಿಲೆಯನ್ನು ಪರೀಕ್ಷಿಸಬೇಕು. ಆಟಿಸಂ ಮಗುವಿನ ಎಲ್ಲ ಚಲನೆಗೂ ಜಾಗ ಕೊಡಿ ಎಂದೂ ನಾನು ಹೇಳುತ್ತಿಲ್ಲ. ಗೋಡೆಗೆ ತಲೆ ಚಚ್ಚಿಕೊಳ್ಳುವುದು, ಕೈ ಕಚ್ಚಿಕೊಳ್ಳುವುದನ್ನು ತಡೆಯಲೇಬೇಕು. ಆಗಲೂ ಮೊದಲು ನೋಡಬೇಕಾದದ್ದು ಮೈಯನ್ನು. ಕಿವಿ ಸೋರುತ್ತಿದೆಯೇ, ಹಲ್ಲು ಹುಳುಕಾಗಿದೆಯೇ, ಮಲ ಕಟ್ಟಿದೆಯೇ? ಮಾತು ಬಾರದ ಮಗು ನೋವನ್ನು ಹೇಳುವ ದಾರಿ ಅದೇ ಆಗಿರಬಹುದು.

ಇಷ್ಟೆಲ್ಲ ಕೇಳಿ ತಿಳಿಯಲು ಐದು ನಿಮಿಷ ಸಾಲದು, ಕೇಳುವ ಜನರೂ ಸಾಲರು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮದೇ ಬಳ್ಳಾರಿ. ನಿಮ್ಹಾನ್ಸ್ 1985ರಿಂದ 1990ರವರೆಗೆ ಅಲ್ಲಿ ನಡೆಸಿದ ಪ್ರಯೋಗದ ಮೇಲೆಯೇ 1996ರಲ್ಲಿ ದೇಶದ ಯೋಜನೆ ಹುಟ್ಟಿತು. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ವೈದ್ಯಕೀಯ ಕಾಲೇಜುಗಳಿವೆ. ಅಂದರೆ ಚೀಟಿ ಬರೆಯುವ ಕೈಗಳು ಮೊದಲಿಗಿಂತ ಹತ್ತಿರ ಬಂದಿವೆ. ಇಆರ್‌ಪಿ ಮಾಡಿಸುವ ತರಬೇತಿ ಪಡೆದ ಮನಶ್ಶಾಸ್ತ್ರಜ್ಞರು ಬಂದಿಲ್ಲ. ಅವರಿಗಾಗಿ ಧಾರವಾಡದ ಡಿಮ್ಹಾನ್ಸ್‌ಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಹೋಗಿ ಎನ್ನುತ್ತಾರೆ. ವಿಜಯಪುರದಿಂದ ಧಾರವಾಡ ಸುಮಾರು 200 ಕಿ.ಮೀ. ವಾರಕ್ಕೊಮ್ಮೆಯಂತೆ ಹದಿನೈದು ವಾರ ಅಷ್ಟು ದೂರ ಹೋಗಿಬರಲು ಯಾವ ಕೂಲಿಕಾರರ ಮನೆಗೆ ಆದೀತು? ಜಿಲ್ಲಾ ತಂಡದಲ್ಲಿ ಚಿಕಿತ್ಸಾ ಮನಶ್ಶಾಸ್ತ್ರಜ್ಞರ ಹುದ್ದೆ ಕಾಗದದ ಮೇಲೆ ಇದ್ದೇ ಇದೆ. ಅದನ್ನು ತುಂಬುವುದು, ಮಾನಸಿಕ ಆರೋಗ್ಯ ಶುಶ್ರೂಷಕಿಯರಿಗೂ ಈ ಚಿಕಿತ್ಸೆಯ ತರಬೇತಿ ಕೊಡುವುದು ಹೊಸ ಆಸ್ಪತ್ರೆ ಕಟ್ಟುವುದಕ್ಕಿಂತ ಅಗ್ಗ.

ರೋಗಿಗಳೆಷ್ಟು ಎಂಬ ಲೆಕ್ಕವೂ ತೆಳುವಾಗಿದೆ. 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ವಯಸ್ಕರಲ್ಲಿ ಗೀಳು ಕಾಯಿಲೆಯ ಪ್ರಮಾಣವನ್ನು ಶೇ 0.8ರ ಸುಮಾರಿಗೆ ಇಟ್ಟಿತು. ಅದನ್ನು ನಡೆಸಿದ್ದು ಬೆಂಗಳೂರಿನ ನಿಮ್ಹಾನ್ಸ್, ಆದರೆ ಆಯ್ದ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ.

ಸರ್ಕಾರ ಬಿಟ್ಟ ಜಾಗವನ್ನು ಖಾಸಗಿ ಥೆರಪಿ ಕೇಂದ್ರಗಳು ತುಂಬುತ್ತಿವೆ. ಅವುಗಳಲ್ಲಿ ಒಳ್ಳೆಯವೂ ಇವೆ. ಆದರೆ ‘ಕೈ ಕೊಡವುವುದನ್ನು ಮೂರು ತಿಂಗಳಲ್ಲಿ ನಿಲ್ಲಿಸುತ್ತೇವೆ’ ಎಂದು ಗುರಿ ಬರೆದುಕೊಡುವ ಕಡೆ ಹಣ ಕಟ್ಟಬೇಡಿ. ‘ಹಸಿವಾದರೆ ಕೇಳುವಂತೆ, ಸದ್ದು ಹೆಚ್ಚಾದರೆ ತಿಳಿಸುವಂತೆ ಮಾಡುತ್ತೇವೆ’ ಎನ್ನುವ ಕಡೆ ಕಟ್ಟಿ. ಕಾಂಡಕೋಶ ಚುಚ್ಚುಮದ್ದಿನಿಂದ ಆಟಿಸಂ ವಾಸಿಮಾಡುತ್ತೇವೆ ಎಂಬ ಜಾಹೀರಾತಿಗೆ ಹೊಲ ಮಾರುವವರಿಗೆ ಒಂದು ಮಾತು: ಆಟಿಸಂಗೆ ಇದನ್ನು ಚಿಕಿತ್ಸೆಯೆಂದು ಕೊಡುವಂತಿಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೈತಿಕತಾ ಮಂಡಳಿ 2022ರಲ್ಲೇ ಹೇಳಿದೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸುವ 21 ಬಗೆಗಳಲ್ಲಿ ಆಟಿಸಂ ಇದೆ, ಮಾನಸಿಕ ಕಾಯಿಲೆಯೂ ಇದೆ. ಹುಡುಗನನ್ನು 40 ಪ್ರಶ್ನೆಗಳ ಐಎಸ್‌ಎಎ ಮಾಪನದಿಂದ ಅಳೆದು ಪ್ರಮಾಣಪತ್ರ ಕೊಡುತ್ತಾರೆ. ಅವನಿಗೆ ನಿರಾಮಯ ಎಂಬ ಸರ್ಕಾರಿ ಆರೋಗ್ಯ ವಿಮೆಯಡಿ 1 ಲಕ್ಷ ರೂಪಾಯಿವರೆಗಿನ ನೆರವೂ ಸಿಗುತ್ತದೆ. ಹುಡುಗಿಗೆ ನಿರಾಮಯ ಇಲ್ಲ. ಆದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ವಿಮಾ ಕಂಪನಿಗಳು ದೈಹಿಕ ಕಾಯಿಲೆಯಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು. ಐದು ವರ್ಷದೊಳಗಿನ ಮಕ್ಕಳ ಬಗ್ಗೆ ಅನುಮಾನವಿದ್ದರೆ ಅಂಗನವಾಡಿಗೆ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ ತಂಡಕ್ಕೆ ಹೇಳಬಹುದು. ಅಲ್ಲಿಂದ ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಆಸ್ಪತ್ರೆಗೆ ಹೋಗುವ ಮುಂಚಿನ ಒಂದು ವಾರ ನೋಟ್‌ಬುಕ್ಕಿನಲ್ಲಿ ನಾಲ್ಕು ಸಂಗತಿ ಗುರುತು ಹಾಕಿಕೊಳ್ಳಿ: ಆ ಕೆಲಸ ಶುರುವಾಗುವ ಮುಂಚೆ ಏನಾಗಿತ್ತು, ಎಷ್ಟು ಹೊತ್ತು ನಡೆಯಿತು, ಮಾಡುವಾಗ ಮುಖ ಹೇಗಿತ್ತು, ನಡುವೆ ತಡೆದಾಗ ಏನಾಯಿತು. ಸಾಧ್ಯವಾದರೆ ಮೊಬೈಲಿನಲ್ಲಿ ಒಂದು ನಿಮಿಷದ ವಿಡಿಯೊ ಮಾಡಿಕೊಳ್ಳಿ. ದೊಡ್ಡವರಾದರೆ ಅವರ ಒಪ್ಪಿಗೆ ಕೇಳಿ. ಐದು ನಿಮಿಷದ ಭೇಟಿಯಲ್ಲಿ ‘ಮಾಡಿದ್ದನ್ನೇ ಮಾಡುತ್ತಾರೆ’ ಎನ್ನುವುದಕ್ಕಿಂತ ಆ ಪುಟವನ್ನು ಮುಂದಿಟ್ಟರೆ ಅದು ಗೀಳೋ, ಆಟಿಸಂ ಚಲನೆಯೋ, ಟಿಕ್ಕೋ ಎಂದು ಬೇರ್ಪಡಿಸಲು ವೈದ್ಯರಿಗೆ ಬೇಕಾದ ಅರ್ಧ ಮಾಹಿತಿ ಅದರಲ್ಲೇ ಸಿಗುತ್ತದೆ.